ನಾಣ್ಯದ ಡಿಟೆಕ್ಟರ್ ಬೇರೆ, ಲಾಳದ ಡಿಟೆಕ್ಟರ್ ಬೇರೆ: ಕೊಡಗಿನ ತೋಟದಲ್ಲಿ ನನ್ನ ಅನುಭವ

ಮೆಟಲ್ ಡಿಟೆಕ್ಟರ್ ಕೊಳ್ಳಬೇಕು ಅಂತ ವಿಚಾರಿಸುವವರು ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆ. ಎಷ್ಟು ಆಳಕ್ಕೆ ಹೋಗುತ್ತೆ? ಚಿನ್ನ ತೋರಿಸುತ್ತಾ? ನಾನು ತಿರುಗಿ ಕೇಳುವುದು ಒಂದೇ: ಅರ್ಧ ಗಂಟೆ ಅಗೆದ ಮೇಲೆ ತುಕ್ಕು ಹಿಡಿದ ಎತ್ತಿನ ಲಾಳ ಸಿಕ್ಕರೆ ನಿಮಗೆ ಖುಷಿಯಾಗುತ್ತಾ, ಬೇಜಾರಾಗುತ್ತಾ? ಬೇಜಾರು ಅನ್ನುವವರಿಗೆ ಒಂದು ಥರದ ಯಂತ್ರ, ಖುಷಿ ಅನ್ನುವವರಿಗೆ ಇನ್ನೊಂದು ಥರದ್ದು.

ನಮ್ಮದು ವಿರಾಜಪೇಟೆ ಕಡೆ ಕಾಫಿ ತೋಟ. ರೋಬಸ್ಟಾ ಜಾಸ್ತಿ. ತೋಟದೊಳಗೆ ಹಳೇ ಲೈನ್ ಮನೆಗಳಿದ್ದ, ಅಂದರೆ ಕೆಲಸಗಾರರ ಸಾಲುಮನೆಗಳಿದ್ದ ಜಾಗ ಇದೆ, ಕಣ ಇದೆ, ಗದ್ದೆಗೆ ಇಳಿಯುವ ಹಳೇ ಗಾಡಿ ದಾರಿ ಇದೆ. ನಾನು ಹುಡುಕುವುದು ಇಲ್ಲಿ, ಮತ್ತೆ ಒಪ್ಪಿಗೆ ಕೊಡುವ ನೆಂಟರ ತೋಟಗಳಲ್ಲಿ. ಅಷ್ಟೇ.

ಹವ್ಯಾಸಕ್ಕೆ ಬಳಸುವ ಡಿಟೆಕ್ಟರ್‌ಗಳು ಹೆಚ್ಚಾಗಿ ವಿಎಲ್‌ಎಫ್, ಅಂದರೆ ವೆರಿ ಲೋ ಫ್ರೀಕ್ವೆನ್ಸಿ ಜಾತಿಯವು. ಕೋಲಿನ ತುದಿಯಲ್ಲಿರುವ ತಂತಿ ಸುರುಳಿಯ ತಟ್ಟೆ, ಅಂದರೆ ಕಾಯಿಲ್, ನೆಲಕ್ಕೆ ಒಂದು ಕಾಂತಕ್ಷೇತ್ರ ಕಳಿಸುತ್ತದೆ. ಅಲ್ಲಿ ಲೋಹ ಇದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಹರಿದು ಉತ್ತರ ವಾಪಸ್ ಬರುತ್ತದೆ. ಆ ಉತ್ತರ ಎಷ್ಟು ತಡವಾಗಿ ಬಂತು ಅನ್ನುವುದನ್ನು ನೋಡಿ ಯಂತ್ರ ಒಂದು ನಂಬರ್ ತೋರಿಸುತ್ತದೆ. ಕಬ್ಬಿಣದ ಮೊಳೆಗೆ ಕೆಳಗಿನ ನಂಬರ್, ಅಲ್ಯೂಮಿನಿಯಂ ಹಾಳೆ, ಸೀಸಕ್ಕೆ ನಡುವಿನದು, ತಾಮ್ರ, ಬೆಳ್ಳಿಗೆ ಮೇಲಿನದು. ಕೆಳಗಿನ ನಂಬರ್‌ಗಳಿಗೆ ಬಾಯಿ ಮುಚ್ಚಿಸುವುದಕ್ಕೆ ಡಿಸ್ಕ್ರಿಮಿನೇಶನ್ ಅನ್ನುತ್ತಾರೆ. ನಾಣ್ಯ ಹುಡುಕುವವರಿಗೆ ಇದು ದೇವರು ಕೊಟ್ಟ ವರ. ಹಳೇ ವಸ್ತು ಹುಡುಕುವವರು ಇದನ್ನು ಹಾಕಿಕೊಂಡರೆ ಅವರಿಗೆ ಬೇಕಾದದ್ದೇ ಕೇಳಿಸುವುದಿಲ್ಲ.

ನಾಣ್ಯದ ಯಂತ್ರಗಳ ವಿಷಯದಲ್ಲಿ ನಮ್ಮವರು ಗಮನಿಸಬೇಕಾದ ಒಂದು ಸಂಗತಿ ಇದೆ. ಅಮೆರಿಕದಲ್ಲಿ ತಯಾರಾಗುವ ಎಷ್ಟೋ ಮಾಡೆಲ್‌ಗಳ ಪರದೆ ಮೇಲೆ ಅಲ್ಲಿನ ಪೆನ್ನಿ, ಡೈಮ್, ಕ್ವಾರ್ಟರ್ ನಾಣ್ಯಗಳ ಗುರುತು ಹಾಕಿರುತ್ತಾರೆ. ಅಲ್ಲಿ 1965ಕ್ಕಿಂತ ಹಿಂದಿನ ಡೈಮ್, ಕ್ವಾರ್ಟರ್‌ಗಳಲ್ಲಿ 90 ಪರ್ಸೆಂಟ್ ಬೆಳ್ಳಿ. ಹಾಗಾಗಿ ಅವರಿಗೆ ಮೇಲಿನ ನಂಬರ್ ಸಾಕು. ನಮ್ಮ ನಾಣ್ಯಗಳು ಹಾಗಿಲ್ಲ. ಕಂಪನಿ ಕಾಲದ, ರಾಣಿ ಕಾಲದ ತಾಮ್ರದ ಕಾಲಾಣೆ ಚೆನ್ನಾಗಿ ಮೇಲೆ ಕೂಗುತ್ತದೆ. 11.66 ಗ್ರಾಂ ತೂಕದ ಹಳೇ ಬೆಳ್ಳಿ ರೂಪಾಯಿ ಇನ್ನೂ ಮೇಲೆ. ಆದರೆ 1957ರಲ್ಲಿ ದಶಮಾಂಶ ಪದ್ಧತಿ ಬಂದ ಮೇಲೆ, ಮುಂದಿನ ದಶಕಗಳಲ್ಲಿ ನಮ್ಮ ಸಣ್ಣ ಪೈಸೆಗಳು ಹೆಚ್ಚಾಗಿ ಅಲ್ಯೂಮಿನಿಯಂ ಆದವು. ಅವು ಬಾಟಲಿ ಮುಚ್ಚಳ, ಮಾತ್ರೆ ಪಟ್ಟಿಯ ಹಾಳೆ ಕೂಗುವ ಕಡೆಗೇ ಬಂದು ಕೂರುತ್ತವೆ. ಈಗಿನ ಸ್ಟೀಲ್ ರೂಪಾಯಿ ಅಯಸ್ಕಾಂತಕ್ಕೇ ಅಂಟುತ್ತದೆ. ಅದನ್ನು ಯಂತ್ರ ಕಬ್ಬಿಣದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ, ಇಲ್ಲ ಅಂದರೆ ನಂಬರ್ ನಿಲ್ಲದೆ ಕುಣಿಯುತ್ತದೆ. ಪರದೆ ಮೇಲಿನ ಚಿತ್ರ ನೋಡಿ ಅಗೆಯಬೇಡಿ. ಮನೆಯಲ್ಲಿರುವ ಹಳೇ ನಾಣ್ಯಗಳನ್ನು ಅಂಗಳದಲ್ಲಿಟ್ಟು ಯಾವುದಕ್ಕೆ ಎಷ್ಟು ಬರುತ್ತದೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ನನ್ನ ಚೀಟಿ ಇನ್ನೂ ಯಂತ್ರದ ಹಿಡಿಗೆ ಅಂಟಿಸಿದ್ದೇನೆ.

ನಾಣ್ಯಕ್ಕೆ ಅಂತ ನನಗೆ ಒಳ್ಳೇ ಜಾಗ ಸಿಕ್ಕಿದ್ದು ಹಳೇ ಲೈನ್ ಮುಂದೆ, ಬಟವಾಡೆ ಕೊಡುತ್ತಿದ್ದ ಕಟ್ಟೆಯ ಸುತ್ತ. ದುಡ್ಡು ಕೈ ಬದಲಾಯಿಸುವ ಕಡೆ ಬೀಳುತ್ತದೆ, ಅಲ್ವಾ. 1943ರಿಂದ 47ರವರೆಗೆ ಬಂದ ತೂತು ಕಾಸು ಅಲ್ಲಿ ಸಿಕ್ಕಿದೆ, ಅಲ್ಯೂಮಿನಿಯಂ ಪೈಸೆಗಳಂತೂ ಬೇಕಾದಷ್ಟು. ಆದರೆ ಅದೇ ಜಾಗದಲ್ಲಿ ಮಂಗಳೂರು ಹೆಂಚಿನ ಮನೆ ಬಿದ್ದಾಗ ಉದುರಿದ ಮೊಳೆಗಳೂ ತುಂಬಿವೆ. ಡಿಸ್ಕ್ರಿಮಿನೇಶನ್ ಏರಿಸಿದರೆ ಮೊಳೆ ಸುಮ್ಮನಾಗುತ್ತದೆ ನಿಜ, ಆದರೆ ಅದರ ಪಕ್ಕದಲ್ಲೇ ಮಲಗಿದ ಕಾಲಾಣೆಯೂ ಸುಮ್ಮನಾಗುತ್ತದೆ. ಇಂಥ ಕಡೆ ಕೆಲಸ ಮಾಡುವುದು ಸಣ್ಣ ಕಾಯಿಲ್. ಅದರ ಕೆಳಗೆ ಒಂದು ಹೊತ್ತಿಗೆ ಬರುವ ಜಾಗ ಕಡಿಮೆ, ಹಾಗಾಗಿ ಮೊಳೆ ಬೇರೆ, ಕಾಸು ಬೇರೆ ಅಂತ ಕೇಳಿಸುತ್ತದೆ. ರೋಬಸ್ಟಾ ಗಿಡಗಳ ಕೆಳಗೆ ದೊಡ್ಡ ಕಾಯಿಲ್ ಬೀಸುವುದಕ್ಕೂ ಆಗುವುದಿಲ್ಲ, ಕೊಂಬೆಗಳಿಗೆ ತಾಗುತ್ತದೆ.

ಗಾಡಿ ದಾರಿಯ ಕಥೆ ಬೇರೆ. ಅಲ್ಲಿ ನಾನು ಡಿಸ್ಕ್ರಿಮಿನೇಶನ್ ಪೂರ್ತಿ ತೆಗೆದು ಆಲ್ ಮೆಟಲ್‌ನಲ್ಲಿ ಇಡುತ್ತೇನೆ. ಎತ್ತಿನ ಲಾಳ, ಚಕ್ರದ ಕಡಾಣಿ, ಹಗ್ಗದ ಬಳೆ, ಎತ್ತಿನ ಕೊರಳ ಗಂಟೆಯ ಚೂರು, ಎಲ್ಲಾ ಬೇಕು ನನಗೆ. ಕೇಪಿನ ಕೋವಿಯ ಸೀಸದ ಗುಂಡು, ಕಾಡತೂಸಿನ ಹಿತ್ತಾಳೆ ಬುಡ ಇವೂ ಬರುತ್ತವೆ. ಮನೆ ಮನೆಯಲ್ಲಿ ಕೋವಿ ಇರುವ, ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡುವ ಜಿಲ್ಲೆ ಇದು, ಆಶ್ಚರ್ಯವೇನಿಲ್ಲ. ಸಿಡಿಯದ ಕಾಡತೂಸು ಕಂಡರೆ ಮಾತ್ರ ಗುದ್ದಲಿ ತಾಗಿಸದೆ ಪೊಲೀಸರಿಗೆ ಹೇಳಿ.

ಕಬ್ಬಿಣ ನಂಬರ್‌ನಲ್ಲಿ ಮೋಸ ಮಾಡುತ್ತದೆ, ಇದು ನಾಣ್ಯ ಹುಡುಕುವವರಿಗೂ ಲಾಳ ಹುಡುಕುವವರಿಗೂ ಗೊತ್ತಿರಬೇಕು. ಚಪ್ಪಟೆಯಾದ ದೊಡ್ಡ ಕಬ್ಬಿಣ, ಉಂಗುರದ ಆಕಾರದ ಕಬ್ಬಿಣ, ಸರಪಳಿ ಕೊಂಡಿ ಇವು ಎಷ್ಟೋ ಸಲ ಬೆಳ್ಳಿಯಷ್ಟು ಮೇಲಿನ ನಂಬರ್ ಕೊಡುತ್ತವೆ. ಒಂದು ಕಡೆಯಿಂದ ಬೀಸಿ, ಆಮೇಲೆ ತಿರುಗಿ ನಿಂತು ಅಡ್ಡಕ್ಕೆ ಬೀಸಿ. ನಾಣ್ಯ ಎರಡೂ ಕಡೆಯಿಂದ ಹೆಚ್ಚುಕಮ್ಮಿ ಒಂದೇ ನಂಬರ್ ಹೇಳುತ್ತದೆ. ಕಬ್ಬಿಣದ ಮಾತು ಬದಲಾಗುತ್ತದೆ.

ಫ್ರೀಕ್ವೆನ್ಸಿ, ಅಂದರೆ ಕಾಯಿಲ್ ಕಳಿಸುವ ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ವಿಚಾರಕ್ಕೆ ಬಂದರೆ, ಕಡಿಮೆ ಕಿಲೋಹರ್ಟ್ಜ್ ದಪ್ಪ ಬೆಳ್ಳಿ, ತಾಮ್ರಕ್ಕೆ ಒಳ್ಳೇದು. ಜಾಸ್ತಿ ಕಿಲೋಹರ್ಟ್ಜ್ ಸಣ್ಣ, ತೆಳು, ಕ್ಷೀಣವಾಗಿ ಉತ್ತರ ಕೊಡುವ ವಸ್ತುಗಳಿಗೆ. ಗ್ಯಾರೆಟ್ ಏಸ್ 250 ಯಂತ್ರ ಇರುವುದು 6.5 ಕಿಲೋಹರ್ಟ್ಜ್‌ನಲ್ಲಿ, ನೋಕ್ಟಾ ಸಿಂಪ್ಲೆಕ್ಸ್ 12ರಲ್ಲಿ, ಗ್ಯಾರೆಟ್ ಎಟಿ ಪ್ರೊ 15ರಲ್ಲಿ. ಮೈನ್‌ಲ್ಯಾಬ್ ಈಕ್ವಿನಾಕ್ಸ್ ಥರದವು ಒಟ್ಟಿಗೇ ಹಲವು ಫ್ರೀಕ್ವೆನ್ಸಿ ಬಿಡುತ್ತವೆ, ಬೆಲೆಯೂ ಹಾಗೇ. ಹಿಂದೆ ನಮ್ಮ ಕಡೆ, ಮಲಬಾರಿನಲ್ಲಿ ಓಡಾಡುತ್ತಿದ್ದ ಚಿನ್ನದ ಪಣ ಅರ್ಧ ಗ್ರಾಂ ಕೂಡ ತೂಗುವುದಿಲ್ಲ. ಅಂಥದ್ದು ಕಾಯಿಲ್ ಕೆಳಗೇ ಇದ್ದರೂ 6.5ರ ಯಂತ್ರಕ್ಕೆ ಕೇಳುವುದು ಕಷ್ಟ. ಕೇಳಿದರೂ ಅದರ ನಂಬರ್ ಗುಟ್ಕಾ ಪೊಟ್ಟಣದ ಹಾಳೆಯ ಹತ್ತಿರವೇ ಇರುತ್ತದೆ. "ಇದು ಚಿನ್ನವನ್ನು ಮಾತ್ರ ತೋರಿಸುತ್ತೆ, ಐವತ್ತು ಅಡಿ ಆಳದಿಂದ" ಅಂತ ಎರಡು ಆಂಟೆನಾ ಇರುವ ಪೆಟ್ಟಿಗೆ ಮಾರಲು ಬರುವವರನ್ನು ಗೇಟಿನಿಂದಲೇ ಕಳಿಸಿ. ಒಳ್ಳೇ ವಿಎಲ್‌ಎಫ್ ಯಂತ್ರ ಒಂದು ನಾಣ್ಯವನ್ನು ಒಂದು ಗೇಣು ಆಳದಲ್ಲಿ ಹಿಡಿದರೆ ಅದೇ ದೊಡ್ಡದು.

ಇಷ್ಟೆಲ್ಲಾ ಹೇಳಿದರೂ ಕೊಡಗಿನಲ್ಲಿ ನಾನು ಮೊದಲು ನೋಡುವುದು ಇದ್ಯಾವುದನ್ನೂ ಅಲ್ಲ, ಗ್ರೌಂಡ್ ಬ್ಯಾಲೆನ್ಸ್. ಅಂದರೆ ಮಣ್ಣಿನದೇ ಸದ್ದನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗೆ ಹೊಂದಿಸುವುದು. ನಮ್ಮ ಕೆಮ್ಮಣ್ಣಿನ ಕೆಂಪೇ ಕಬ್ಬಿಣದ್ದು. ಜಂಬಿಟ್ಟಿಗೆ ಕಲ್ಲಿನ ತುಂಡುಗಳಂತೂ ಲೋಹದ ಹಾಗೇ ಕೂಗುತ್ತವೆ. ನನ್ನ ಭಾವನ ಹತ್ತಿರ ಇರುವುದು ಗ್ರೌಂಡ್ ಬ್ಯಾಲೆನ್ಸ್ ಕಂಪನಿಯಲ್ಲೇ ಗಟ್ಟಿ ಮಾಡಿ ಕಳಿಸಿದ ನಾಣ್ಯದ ಯಂತ್ರ. ಮೈಸೂರಿನ ಅವರ ಹಿತ್ತಲಲ್ಲಿ ಅದು ಪಾಪದ್ದು. ನಮ್ಮ ತೋಟಕ್ಕೆ ತಂದಾಗ ನಿಲ್ಲಿಸದೆ ಕಿಚಿಕಿಚಿ. ಸೆನ್ಸಿಟಿವಿಟಿ ಇಳಿಸುತ್ತಾ ಹೋದರು, ಸದ್ದು ನಿಂತಿತು, ಆಳವೂ ಹೋಯಿತು. "ನಿಮ್ಮ ತೋಟದಲ್ಲಿ ಎಲ್ಲಾ ಕಡೆ ನಿಧಿನೇ ಇದೆ ಮಾರಾಯಾ" ಅಂತ ನಕ್ಕರು.

ನಾನು ಕೊಂಡಿದ್ದು 15 ಕಿಲೋಹರ್ಟ್ಜ್‌ನ, ಕೈಯಲ್ಲೇ ಗ್ರೌಂಡ್ ಬ್ಯಾಲೆನ್ಸ್ ಮಾಡಬಹುದಾದ ಯಂತ್ರ. ಲೋಹ ಇಲ್ಲದ ನೆಲ ಹುಡುಕಿ ಕಾಯಿಲನ್ನು ಮೊಣಕಾಲಿನ ತನಕ ಎತ್ತುತ್ತಾ ಇಳಿಸುತ್ತಾ ಇರಬೇಕು, ಸದ್ದು ಒಂದೇ ಸಮ ಆಗುವ ತನಕ. ತೋಟದಿಂದ ಗದ್ದೆಗೆ ಇಳಿದರೆ ಮತ್ತೆ ಮಾಡಬೇಕು. ಹಳೇ ಬಚ್ಚಲು ಒಲೆ ಇದ್ದ ಕಡೆ ಮತ್ತೂ ಮಾಡಬೇಕು, ಯಾಕೆಂದರೆ ವರ್ಷಗಟ್ಟಲೆ ಬೆಂಕಿ ಕಂಡ ಮಣ್ಣಿಗೆ ಕಾಂತಗುಣ ಜಾಸ್ತಿಯಾಗಿರುತ್ತದೆ. ಕಾಯಿಲ್ ಡಬಲ್ ಡಿ, ಅಂದರೆ ಎರಡು D ಆಕಾರದ ಸುರುಳಿಯದ್ದು ಇರಲಿ, ಇಂಥ ಮಣ್ಣಿನಲ್ಲಿ ದುಂಡನೆಯ ಕಾನ್‌ಸೆಂಟ್ರಿಕ್‌ಗಿಂತ ಅದು ಶಾಂತ. ಸಣ್ಣದೊಂದು ಲೈನ್ ಜಾಗಕ್ಕೆ, ಹನ್ನೊಂದು ಇಂಚಿನದೊಂದು ಗಾಡಿ ದಾರಿಗೆ. ಎರಡು ಯಂತ್ರದ ದುಡ್ಡಿಗಿಂತ ಎರಡು ಕಾಯಿಲ್ ದುಡ್ಡು ಕಡಿಮೆ. ಕಾಂತಕ್ಷೇತ್ರವನ್ನು ಬಿಟ್ಟು ಬಿಟ್ಟು ಮಿಡಿಸುವ ಪಲ್ಸ್ ಇಂಡಕ್ಷನ್ ಅನ್ನುವ ಇನ್ನೊಂದು ಜಾತಿಯ ಯಂತ್ರ ಕೆಮ್ಮಣ್ಣಿಗೆ ಹೆದರುವುದಿಲ್ಲ, ಆಳಕ್ಕೂ ಹೋಗುತ್ತದೆ. ಆದರೆ ಕಬ್ಬಿಣ ಯಾವುದು, ತಾಮ್ರ ಯಾವುದು ಅಂತ ಸರಿಯಾಗಿ ಹೇಳುವುದಿಲ್ಲ. ಮುಳ್ಳುತಂತಿ ಚೂರು ತುಂಬಿದ ತೋಟದಲ್ಲಿ ಅದನ್ನು ಹಿಡಿದರೆ ಸಂಜೆ ತನಕ ತಂತಿ ಆಯುವುದೇ ಕೆಲಸ.

ಇನ್ನೊಂದು ತಾಪತ್ರಯ ಸೋಲಾರ್ ಬೇಲಿ. ಆನೆಗೆ ಅಂತ ಹಾಕಿದ ಬೇಲಿ ಸೆಕೆಂಡಿಗೊಮ್ಮೆ ಮಿಡಿಯುತ್ತದೆ, ಹತ್ತಿರ ಹೋದರೆ ಡಿಟೆಕ್ಟರ್ ಕೂಡ ಅದೇ ತಾಳಕ್ಕೆ ಟಿಕ್ ಟಿಕ್ ಅನ್ನುತ್ತದೆ. ಹಗಲು ಬೇಲಿ ಆಫ್ ಮಾಡಿ ಹುಡುಕುತ್ತೇನೆ. ಹೆಡ್‌ಫೋನ್ ಇದ್ದರೆ ಮೆಲ್ಲನೆಯ ಸದ್ದೂ ಕೇಳಿಸುತ್ತದೆ ಅನ್ನುವುದು ಸರಿ. ನಮ್ಮಲ್ಲಿ ಮಾತ್ರ ಒಂದು ಕಿವಿಗೆ ಸಾಕು, ಇನ್ನೊಂದು ಕಿವಿ ಆನೆಗೆ ಬಿಡಿ. ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದ ಮೇಲೆ ಮಣ್ಣು ಮೆತ್ತಗಿರುತ್ತದೆ, ಅಗೆಯಲು ಒಳ್ಳೇ ಹೊತ್ತು. ಜೂನ್ ಆದಮೇಲೆ ಜಿಗಣೆಗಳ ಕಾಲ, ಆಗ ನಾನು ಹೋಗುವುದಿಲ್ಲ. ಕಾಫಿಯ ಊಟದ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಬುಡದ ಹತ್ತಿರ ಸಿಗ್ನಲ್ ಬಂದರೆ ಬಿಟ್ಟುಬಿಡಿ, ಸಾಲಿನ ನಡುವೆ ಬಂದರೆ ಸಣ್ಣ ಗುಂಡಿ ತೆಗೆದು ಮಣ್ಣು ವಾಪಸ್ ತುಂಬಿ.

ಕಾನೂನಿನ ಮಾತು ಯಂತ್ರ ಕೊಳ್ಳುವ ಮೊದಲೇ ತಿಳಿದಿರಬೇಕು. ದೇವರಕಾಡು, ಅರಣ್ಯ, ಸಂರಕ್ಷಿತ ಸ್ಮಾರಕಗಳ ಸುತ್ತಮುತ್ತ ಯಂತ್ರ ಹಿಡಿದು ಕಾಲಿಡಲೇಬೇಡಿ. ರಾಜರ ಕಾಲದ ಯುದ್ಧದ ಕಡಂಗಗಳನ್ನೂ, ಅಂದರೆ ಹಳೇ ಕಂದಕಗಳನ್ನೂ ನಾನು ಮುಟ್ಟುವುದಿಲ್ಲ. ಅಲ್ಲಿ ಯಾವ ವಸ್ತು ಎಷ್ಟು ಆಳದಲ್ಲಿ ಎಲ್ಲಿತ್ತು ಅನ್ನುವುದೇ ಇತಿಹಾಸ, ಕಿತ್ತು ತಂದರೆ ಅದು ಬರೀ ತುಕ್ಕು. ಸ್ವಂತ ಜಮೀನಿನಲ್ಲಿ ಸಿಕ್ಕರೂ ಎಲ್ಲವೂ ನಮ್ಮದಾಗುವುದಿಲ್ಲ. ಮಣ್ಣಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ, ಆಯುಧಗಳು 1972ರ ಪುರಾತನ ವಸ್ತುಗಳ ಕಾಯ್ದೆಯೊಳಗೆ ಬರುತ್ತವೆ. ಹಾಗಾಗಿ ಸಿಕ್ಕಿದ್ದಕ್ಕೆಲ್ಲ ಜಾಗ, ಆಳ, ತಾರೀಕು ಬರೆದಿಡುತ್ತೇನೆ, ಫೋಟೋ ತೆಗೆಯುತ್ತೇನೆ. ಹಳೇ ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಮೇಲಿನ ಅಕ್ಷರ ಹೋಗಿಬಿಡುತ್ತದೆ. ನೀರಲ್ಲಿ ನೆನೆಸಿ, ಮಣ್ಣು ತಾನಾಗಿ ಬಿಟ್ಟಷ್ಟು ಬಿಡಲಿ.