ಲ್ಯಾಪ್‌ಟಾಪ್ ಮದರ್‌ಬೋರ್ಡ್ ನಾನೇ ಬದಲಾಯಿಸಿದ್ದು: ನನ್ನ ಅನುಭವ

ತುಮಕೂರಿನಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬಿಲ್ ಬುಕ್ಕು, ಶಾಲೆಗಳ ಪ್ರಶ್ನೆಪತ್ರಿಕೆ, ಇವೇ ಕೆಲಸ. ಎಲ್ಲವೂ ಇದ್ದದ್ದು ಲೆನೊವೊ ಕಂಪನಿಯ ಒಂದು ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್‌ನಲ್ಲಿ. ಏಪ್ರಿಲ್ ತಿಂಗಳು, ಮದುವೆ ಸೀಸನ್, ಕಾರ್ಡು ನೋಡಲು ಬಂದವರ ಮಗು ಮೇಜಿನ ಮೇಲಿದ್ದ ನೀರಿನ ಚೊಂಬನ್ನು ತಳ್ಳಿಬಿಟ್ಟಿತು. ಅರ್ಧ ಚೊಂಬು ನೀರು ಕೀಬೋರ್ಡಿನ ಮೇಲೆ.

ಕೂಡಲೇ ಚಾರ್ಜರ್ ಕಿತ್ತೆ, ಹಿಂದಿನ ಬ್ಯಾಟರಿ ತೆಗೆದೆ, ಕವುಚಿ ಹಾಕಿದೆ. ಅಷ್ಟು ಸಾಕು ಅಂದುಕೊಂಡಿದ್ದೆ. ಆದರೆ ಟಿ480ರಲ್ಲಿ ಬ್ಯಾಟರಿ ಎರಡು. ಹೊರಗಿಂದ ತೆಗೆಯಬಹುದಾದ್ದು ಒಂದು, ಕೆಳಗಿನ ಮುಚ್ಚಳದ ಒಳಗೆ ಇನ್ನೊಂದು. ಹೊರಗಿನದನ್ನು ತೆಗೆದರೂ ಒಳಗಿನದು ಮದರ್‌ಬೋರ್ಡಿಗೆ, ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡಿಗೆ, ಕರೆಂಟ್ ಕೊಡುತ್ತಲೇ ಇರುತ್ತದೆ. ಒದ್ದೆ ಬೋರ್ಡಿನಲ್ಲಿ ಕರೆಂಟ್ ಹರಿದರೆ ಏನಾಗುತ್ತದೋ ಅದೇ ಆಯಿತು. ಎರಡು ದಿನ ಒಣಗಿಸಿ ಪವರ್ ಬಟನ್ ಒತ್ತಿದರೆ ಒಂದು ಲೈಟೂ ಇಲ್ಲ. ಚಾರ್ಜರ್ ಮಧ್ಯೆ ಯುಎಸ್‌ಬಿ-ಸಿ ಮೀಟರ್ ಹಾಕಿ ನೋಡಿದೆ, 5 ವೋಲ್ಟ್‌ನಲ್ಲೇ ನಿಂತಿತ್ತು. ಬೋರ್ಡ್ ಸರಿ ಇದ್ದರೆ ಅದು ಚಾರ್ಜರ್ ಜೊತೆ ಮಾತಾಡಿಕೊಂಡು 20 ವೋಲ್ಟ್‌ಗೆ ಏರಬೇಕು.

ಚಿಪ್ ಲೆವೆಲ್ ರಿಪೇರಿ ಮಾಡುವ ಒಂದು ಅಂಗಡಿಗೆ ಕೊಟ್ಟೆ. ಒಂದು ವಾರ ಇಟ್ಟುಕೊಂಡು, ಪ್ರೊಸೆಸರ್‌ನ ಪವರ್ ಲೈನೇ ಶಾರ್ಟ್ ಆಗಿದೆ, ಆಗಲ್ಲ ಅಂದರು. ಈ ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ. ಹಾಗಾಗಿ ಬೋರ್ಡ್ ಅಂದರೆ ಪ್ರೊಸೆಸರೂ ಸೇರಿಯೇ ಬದಲಾಯಿಸಬೇಕು.

ಹೋದರೆ ಬೋರ್ಡ್ ಹೋಗಲಿ, ಫೈಲುಗಳು ಎಸ್‌ಎಸ್‌ಡಿಯಲ್ಲಿ (ಫೈಲು ಉಳಿಯುವ ಡಿಸ್ಕ್) ಇವೆಯಲ್ಲ ಅಂತ ಧೈರ್ಯವಾಗಿದ್ದೆ. ಅದನ್ನು ತೆಗೆದು ಯುಎಸ್‌ಬಿ ಕೇಸ್‌ಗೆ ಹಾಕಿ ಅಂಗಡಿಯ ಇನ್ನೊಂದು ಕಂಪ್ಯೂಟರ್‌ಗೆ ಚುಚ್ಚಿದೆ. ಅದು 48 ಅಂಕಿಯ ರಿಕವರಿ ಕೀ ಕೇಳಿತು. ಕೈಕಾಲು ತಣ್ಣಗಾಯಿತು. ನಾನು ಯಾವತ್ತೂ ಯಾವ ಲಾಕೂ ಹಾಕಿರಲಿಲ್ಲ.

ಆಮೇಲೆ ಗೊತ್ತಾಯಿತು, ಇಂಥ ಲ್ಯಾಪ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ವಿಂಡೋಸ್ ಶುರು ಮಾಡಿದರೆ ಡಿಸ್ಕ್‌ನ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಫೈಲು ಓದಲಾಗದಂತೆ ಬೀಗ ಹಾಕುವುದು) ತಾನಾಗಿಯೇ ಆನ್ ಆಗಬಹುದು. ದಿನಾ ಅದನ್ನು ತೆರೆಯುವ ಬೀಗದ ಕೈ ಮದರ್‌ಬೋರ್ಡಿನ ಟಿಪಿಎಂ ಅನ್ನುವ ಭದ್ರತಾ ಚಿಪ್‌ನಲ್ಲಿ ಇರುತ್ತದೆ. ಬೋರ್ಡ್ ಸರಿ ಇರುವವರೆಗೆ ನಮಗೆ ಗೊತ್ತೇ ಆಗುವುದಿಲ್ಲ. ಬೋರ್ಡ್ ಸತ್ತ ದಿನ ಆ ಬೀಗದ ಕೈಯೂ ಅದರ ಜೊತೆಗೇ ಹೋಗುತ್ತದೆ, ಉಳಿಯುವುದು ಆ 48 ಅಂಕಿ ಮಾತ್ರ. ಅದು ನಾವು ಮೊದಲು ಲಾಗಿನ್ ಆದ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೇವ್ ಆಗಿರುತ್ತದೆ. ನನ್ನದು ಯಾವುದೋ ಹಳೇ ಈಮೇಲ್, ಅದಕ್ಕೆ ಕೊಟ್ಟಿದ್ದ ನಂಬರ್ ಈಗ ನಮ್ಮ ಅಪ್ಪನ ಕೀಪ್ಯಾಡ್ ಫೋನಿನಲ್ಲಿ. ಅಪ್ಪ ಊರಿನಲ್ಲಿ. ಅವರಿಗೆ ಫೋನ್ ಮಾಡಿ, ಬಂದ ಓಟಿಪಿಯನ್ನು ಒಂದೊಂದೇ ಅಂಕಿ ಓದಿಸಿಕೊಂಡು ಅಕೌಂಟ್ ತೆರೆದೆ. ಕೀ ಅಲ್ಲಿತ್ತು! ಎಸ್‌ಎಸ್‌ಡಿ ತೆರೆಯಿತು, 11 ಮದುವೆ ಕಾರ್ಡಿನ ಫೈಲುಗಳನ್ನು ಮೊದಲು ಕಾಪಿ ಮಾಡಿಕೊಂಡೆ. ಅವತ್ತೇ ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂದಿದ್ದು.

ಅದಕ್ಕೇ ಹೇಳುತ್ತಿದ್ದೇನೆ, ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ, ಸಾಧ್ಯವಾದರೆ ಇವತ್ತೇ, ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಆ ಕೀ ಬರೆದಿಟ್ಟುಕೊಳ್ಳಿ.

ಇನ್ನು ಬೋರ್ಡ್. ಬೆಳಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಒಂದೇ ಸ್ಟಾಪ್, ಚಿಕ್ಕಪೇಟೆಯಲ್ಲಿ ಇಳಿದು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್‌ಪಿ ರೋಡಿಗೆ ನಡೆದೆ. ಸತ್ತ ಬೋರ್ಡನ್ನೂ ಬಿಚ್ಚಿ ಜೊತೆಗೇ ಒಯ್ದಿದ್ದೆ. ಇದು ಬಹಳ ಉಪಯೋಗಕ್ಕೆ ಬಂತು. ಟಿ480 ಅಂತ ಹೇಳಿದರೆ ಸಾಲದು. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಬೋರ್ಡ್ ಬೇರೆ, ಇಲ್ಲದ್ದು ಬೇರೆ, ಎರಡಕ್ಕೂ ಹೀಟ್‌ಸಿಂಕೇ (ಚಿಪ್‌ನ ಬಿಸಿ ಎಳೆದುಕೊಳ್ಳುವ ಲೋಹದ ಭಾಗ) ಬೇರೆ. ನನ್ನದು ಆ ಚಿಪ್ ಇಲ್ಲದ, ಐ5-8250ಯು ಪ್ರೊಸೆಸರ್‌ನ ಬೋರ್ಡ್. ಸತ್ತ ಬೋರ್ಡನ್ನೂ ಅಂಗಡಿಯವರು ತೋರಿಸಿದ್ದನ್ನೂ ಅಕ್ಕಪಕ್ಕ ಇಟ್ಟು ಸ್ಕ್ರೂ ತೂತು, ಕನೆಕ್ಟರ್ ಒಂದೊಂದೇ ತಾಳೆ ನೋಡಿದೆ.

ಮೊದಲ ಅಂಗಡಿಯಲ್ಲಿ ತೋರಿಸಿದ ಬೋರ್ಡ್ ಚೆನ್ನಾಗಿಯೇ ಆನ್ ಆಯಿತು. ಎಫ್1 ಒತ್ತಿ ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಬರುವ ಬೋರ್ಡಿನ ಸೆಟ್ಟಿಂಗ್ಸ್) ಹೋಗಿ ತೋರಿಸಿ ಅಂದೆ. ಪಾಸ್‌ವರ್ಡ್ ಕೇಳಿತು. "ಬೂಟ್ ಆಗತ್ತೆ ಸರ್, ಬಯಾಸ್ ನಿಮಗ್ಯಾಕೆ?" ಅಂದರು. ಬೂಟ್ ಆಗುವುದು ನಿಜ. ಆದರೆ ಅದು ಸೂಪರ್‌ವೈಸರ್ ಪಾಸ್‌ವರ್ಡ್, ಬಯಾಸ್‌ನಲ್ಲಿ ಏನನ್ನೂ ಬದಲಾಯಿಸಲು ಬಿಡುವುದಿಲ್ಲ. ಅದನ್ನು ಮರೆತವರಿಗೆ ಕಂಪನಿ ಹೇಳುವ ದಾರಿಯೇ ಬೋರ್ಡ್ ಬದಲಾಯಿಸುವುದು! ಆಫೀಸುಗಳಿಂದ ಬಂದ ಲ್ಯಾಪ್‌ಟಾಪ್‌ಗಳ ಬೋರ್ಡಿನಲ್ಲಿ ಇದು ಜಾಸ್ತಿ ಇರುತ್ತದೆ. ಬೇಡ ಅಂತ ಎದ್ದು ಬಂದೆ. ಮೂರನೇ ಅಂಗಡಿಯಲ್ಲಿ ಪಾಸ್‌ವರ್ಡ್ ಇಲ್ಲದ್ದು ಸಿಕ್ಕಿತು, 7,500 ರೂಪಾಯಿ, ಒಂದು ತಿಂಗಳು ವಾರಂಟಿ ಅಂತ ಬಿಲ್ಲಿನ ಮೇಲೆ ಬರೆಸಿಕೊಂಡೆ.

ಜೋಡಿಸಿದ್ದು ಭಾನುವಾರ, ಅಂಗಡಿಗೆ ರಜೆ. ಬಿಚ್ಚುವಾಗಲೇ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದಿದ್ದೆ, ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ಒಂದೊಂದು ಹಂತದವನ್ನು ಹಾಕಿಟ್ಟಿದ್ದೆ. ಉದ್ದದ ಸ್ಕ್ರೂವನ್ನು ಗಿಡ್ಡದ್ದರ ಜಾಗಕ್ಕೆ ಬಿಗಿದರೆ ಬೋರ್ಡಿಗೋ ಕೀಬೋರ್ಡಿಗೋ ಚುಚ್ಚುತ್ತದೆ, ಆದ್ದರಿಂದ ಈ ವಿಷಯದಲ್ಲಿ ಅವಸರ ಬೇಡ. ಬೋರ್ಡ್ ಮುಟ್ಟುವ ಮುಂಚೆ ಅರ್ಥಿಂಗ್ ಇರುವ ಯುಪಿಎಸ್‌ನ ಲೋಹದ ಬಾಡಿ ಮುಟ್ಟಿ ಮೈಯಲ್ಲಿನ ಸ್ಟ್ಯಾಟಿಕ್ (ಸ್ಥಿರ ವಿದ್ಯುತ್) ಬಿಟ್ಟೆ.

ಬೋರ್ಡ್ ಕೂರಿಸುವುದು ಹತ್ತು ನಿಮಿಷದ ಕೆಲಸ. ಸಮಯ ಹಿಡಿಯುವುದು ರಿಬ್ಬನ್‌ನಂತೆ ಚಪ್ಪಟೆಯಾಗಿರುವ ರಿಬ್ಬನ್ ಕೇಬಲ್‌ಗಳು. ಪ್ರತಿ ಕನೆಕ್ಟರ್‌ಗೂ ಪುಟಾಣಿ ಲಾಕ್ ಇರುತ್ತದೆ, ಉಗುರಿನಲ್ಲಿ ಎತ್ತಿ, ರಿಬ್ಬನ್ ನೇರವಾಗಿ ಒಳಗೆ ತಳ್ಳಿ, ಲಾಕ್ ಮಡಚಬೇಕು. ವೈಫೈ ಆಂಟೆನಾದ ವೈರ್ ತುದಿಯಂತೂ ಸಾಸಿವೆಗಿಂತ ಸ್ವಲ್ಪ ದೊಡ್ಡದು. ಅದನ್ನು ಜಾಗದ ಮೇಲೆ ಸರಿಯಾಗಿ ಇಟ್ಟ ಮೇಲೆ ಒತ್ತಬೇಕು, ಟಿಕ್ ಅನ್ನುತ್ತದೆ. ಓರೆಯಾಗಿದ್ದಾಗ ಒತ್ತಿದರೆ ಚಪ್ಪಟೆಯಾಗಿ ಹಾಳು. ಡಿಸ್‌ಪ್ಲೇ ಕೇಬಲ್ ಹಾಕುವಾಗ ಬ್ಯಾಟರಿ ಕನೆಕ್ಷನ್ ಇರಲೇಬಾರದು, ಸ್ಕ್ರೀನಿನ ಲೈಟಿಗೆ ಹೋಗುವ ಫ್ಯೂಸ್ ಸುಟ್ಟುಹೋಗಬಹುದು. ಒಳಗಿನ ಬ್ಯಾಟರಿಯ ಕನೆಕ್ಟರನ್ನು ಬಿಚ್ಚುವಾಗ ಎಲ್ಲಕ್ಕಿಂತ ಮೊದಲು ತೆಗೆದಿದ್ದೆ, ಈಗ ಎಲ್ಲ ಆದ ಮೇಲೆ ಕೊನೆಗೆ ಹಾಕಿದೆ.

ಪ್ರೊಸೆಸರ್‌ನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಹಳೇ ಪೇಸ್ಟ್ ಒಣಗಿ ಸುಣ್ಣದ ಥರ ಆಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪ್ರೊಸೆಸರ್ ಮೇಲೆ ಅಕ್ಕಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿ ತೆಳ್ಳಗೆ ಹರಡಿದೆ. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ ನಂಬರ್ ಇರುತ್ತದೆ. ಅದೇ ಕ್ರಮದಲ್ಲಿ ಒಂದೊಂದನ್ನೇ ಸ್ವಲ್ಪ ಸ್ವಲ್ಪ ಬಿಗಿದೆ, ಒಂದೇ ಕಡೆ ಪೂರ್ತಿ ಬಿಗಿದರೆ ಚಿಪ್ಪಿನ ಅಂಚು ಒಡೆಯಬಹುದು.

ಮುಚ್ಚಳಕ್ಕೆ ಸ್ಕ್ರೂ ಹಾಕದೆ ಸುಮ್ನೆ ಮೇಲಿಟ್ಟು ಪವರ್ ಬಟನ್ ಒತ್ತಿದೆ. ಲೈಟ್ ಬಂತು, ಫ್ಯಾನ್ ತಿರುಗಿತು, ಸ್ಕ್ರೀನ್ ಕಪ್ಪು. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್, ಎದೆ ಹೊಡೆದುಕೊಳ್ಳುತ್ತಿತ್ತು. ಆಫ್ ಮಾಡಲು ಕೈ ಹೋಯಿತು, ಆದರೆ ಹೊಸ ಬೋರ್ಡು ರ‍್ಯಾಮ್ ಗುರುತಿಸಲು ಮೊದಲ ಸಲ ಸಮಯ ತೆಗೆದುಕೊಳ್ಳುತ್ತದೆ ಅಂತ ಎಸ್‌ಪಿ ರೋಡಿನವರು ಹೇಳಿದ್ದು ನೆನಪಾಯಿತು. ಸುಮಾರು ಒಂದು ನಿಮಿಷಕ್ಕೆ ಲೋಗೋ ಬಂತು. ಹೆಂಡತಿಯನ್ನು ಕೂಗಿ ಕರೆದೆ. ಹಿಂದೆಯೇ 0271 ಅಂತ ಎರರ್, ಅಂದರೆ ದಿನಾಂಕ, ಸಮಯ ಸರಿ ಇಲ್ಲ. ಗಡಿಯಾರ ನಡೆಸುವ ಪುಟ್ಟ ಬಯಾಸ್ ಬ್ಯಾಟರಿ ಬಿಚ್ಚಿದ್ದರಿಂದ ಬಂದದ್ದು, ದಿನಾಂಕ ಹಾಕಿದ ಮೇಲೆ ಹೋಯಿತು.

ವಿಂಡೋಸ್ ಶುರುವಾಗುವಾಗ ಮತ್ತೆ ಅದೇ 48 ಅಂಕಿ ಕೇಳಿತು. ಈ ಸಲ ಚೀಟಿ ಕೈಯಲ್ಲಿತ್ತು. ವಿಂಡೋಸ್ ಆಕ್ಟಿವೇಶನ್ ಹೋಗಿತ್ತು, ಲೈಸೆನ್ಸ್ ಬೋರ್ಡಿಗೆ ಅಂಟಿಕೊಂಡಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಶನ್ ಟ್ರಬಲ್‌ಶೂಟರ್‌ಗೆ ಹೋಗಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದ್ದೇನೆ ಅನ್ನುವುದನ್ನು ಆರಿಸಿದೆ, ಅದೇ ಅಕೌಂಟ್‌ನಲ್ಲಿ ಲಾಗಿನ್ ಆಗಿದ್ದರಿಂದ ಸರಿಯಾಯಿತು. ಬಯಾಸ್‌ನಲ್ಲಿ ಈಗ ಕಾಣುವುದು ಬೋರ್ಡಿನ ಹಿಂದಿನ ಲ್ಯಾಪ್‌ಟಾಪ್‌ನ ಸೀರಿಯಲ್ ನಂಬರ್, ಕೆಳಗಿನ ಸ್ಟಿಕ್ಕರಿನದೇ ಬೇರೆ. ಕೆಲಸಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ಮುಂದೆ ಯಾರಿಗಾದರೂ ಮಾರುವುದಾದರೆ ಹೇಳಿಯೇ ಮಾರಬೇಕು.

ಎರಡು ದಿನ ಬಿಟ್ಟು ಟಚ್‌ಪ್ಯಾಡ್ ಆಗಾಗ ನಿಲ್ಲತೊಡಗಿತು. ಮತ್ತೆ ಬಿಚ್ಚಿ ನೋಡಿದರೆ ಅದರ ರಿಬ್ಬನ್ ಕೂದಲೆಳೆಯಷ್ಟು ಓರೆ. ನೇರ ಮಾಡಿ ಲಾಕ್ ಹಾಕಿದೆ, ಆಮೇಲೆ ಬಂದಿಲ್ಲ. ಅವತ್ತೇ ಥಂಡರ್‌ಬೋಲ್ಟ್ ಫರ್ಮ್‌ವೇರ್ (ಯುಎಸ್‌ಬಿ-ಸಿ ಪೋರ್ಟಿನ ಚಿಪ್‌ನೊಳಗಿನ ಸಾಫ್ಟ್‌ವೇರ್) ಅಪ್‌ಡೇಟನ್ನೂ ಹಾಕಿದೆ. ಆ ಕಾಲದ ಥಿಂಕ್‌ಪ್ಯಾಡ್‌ಗಳಿಗೆ ಕಂಪನಿಯೇ ಕೊಟ್ಟಿರುವ ಮುಖ್ಯ ಅಪ್‌ಡೇಟ್ ಅದು. ಎಲ್ಲಿಂದಲೋ ಬಂದ ಬೋರ್ಡಿನಲ್ಲಿ ಅದು ಆಗಿದೆಯೋ ಇಲ್ಲವೋ ಹೇಳಲಾಗದು, ಈ ಲ್ಯಾಪ್‌ಟಾಪ್ ಚಾರ್ಜ್ ಆಗುವುದೂ ಅದೇ ಯುಎಸ್‌ಬಿ-ಸಿ ಪೋರ್ಟಿನಿಂದ ಅಲ್ವಾ. ಮರುದಿನ ಬಾಕಿ ಇದ್ದ ಕಾರ್ಡುಗಳಲ್ಲಿ ನಾಲ್ಕನ್ನು ಪ್ರಿಂಟಿಗೆ ಕಳಿಸಿದೆ. ನೀರಿನ ಚೊಂಬಿಗೆ ಈಗ ಬಾಗಿಲ ಪಕ್ಕ ಒಂದು ಸ್ಟೂಲ್ ಹಾಕಿದ್ದೇನೆ.