ಲಿನಕ್ಸ್‌ನಲ್ಲಿ ಮೋಡೆಮ್: ಮೊದಲು ‘ಓಕೆ’ ಬರಲಿ

ಲಿನಕ್ಸ್ ಹಾಕಿಕೊಂಡು, ಫೋನ್ ಲೈನಿನ (ಡಯಲ್‌ಅಪ್) ಇಂಟರ್ನೆಟ್ ಬರುತ್ತಿಲ್ಲ ಎಂದು ಕರೆದವರ ಮನೆಗೆ ಹೋಗಿ ನೋಡಿದ್ದೇನೆ. ಹೆಚ್ಚಿನ ಕಡೆ ಒಂದೇ ತಪ್ಪು. ಫೋನ್ ಲೈನಿಗೆ ಕೊಂಡಿಯಾಗುವ ಮೋಡೆಮ್ ಕಂಪ್ಯೂಟರ್ ಜೊತೆ ಮಾತಾಡುತ್ತಿದೆಯೇ ಎಂದೇ ನೋಡಿರುವುದಿಲ್ಲ. ಪಾಸ್‌ವರ್ಡ್ ಮಾತ್ರ ಹತ್ತು ಸಲ ತಿದ್ದಿರುತ್ತಾರೆ.

ನಿಮ್ಮ ಮೋಡೆಮ್ ಯಾವ ಬಗೆಯದು ಎಂದು ಮೊದಲು ತಿಳಿದುಕೊಳ್ಳಿ. ಪಿಸಿಐ ಸ್ಲಾಟ್‌ನಲ್ಲಿ ಕೂರುವ ಅಗ್ಗದ ಕಾರ್ಡ್‌ಗಳು ಬಹುತೇಕ ವಿನ್‌ಮೋಡೆಮ್‌ಗಳು. ತಾವು ಮಾಡಬೇಕಾದ ಕೆಲಸವನ್ನು ಅವು ವಿಂಡೋಸ್ ಡ್ರೈವರ್‌ನ ತಲೆಗೆ ಕಟ್ಟುತ್ತವೆ. ಲೂಸೆಂಟ್, ಸ್ಮಾರ್ಟ್ ಲಿಂಕ್ ಚಿಪ್ ಇರುವ ಕೆಲವಕ್ಕೆ ಲಿನಕ್ಸ್ ಡ್ರೈವರ್ ಇತ್ತು. ಆದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಬದಲಾದಾಗಲೆಲ್ಲ ಅದನ್ನು ಮತ್ತೆ ಕಂಪೈಲ್ ಮಾಡಬೇಕಿತ್ತು. ಆ ತಾಪತ್ರಯವೇ ಬೇಡ. ಸೀರಿಯಲ್ ಪೋರ್ಟ್‌ಗೆ ಹಾಕುವ, ಬೇರೆ ಅಡಾಪ್ಟರ್ ಇರುವ ಹೊರಗಿನ ಮೋಡೆಮನ್ನೇ ತನ್ನಿ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಏನು ನಡೆಯುತ್ತಿದೆ ಎಂದು ಅದರ ಲೈಟುಗಳೇ ತೋರಿಸುತ್ತವೆ.

ವೈರುಗಳನ್ನು ಜೋಡಿಸಿ, ಮೋಡೆಮ್ ಆನ್ ಮಾಡಿ.

ಈಗ ಎಲ್ಲರೂ ಹಾರಿಸಿಬಿಡುವ ಹಂತ. ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ, ಮೋಡೆಮ್‌ಗೆ ನೇರವಾಗಿ ಆದೇಶ ಕೊಡುವ ಮಿನಿಕಾಮ್ ಪ್ರೋಗ್ರಾಂನ ಸೆಟಪ್ ತೆರೆಯಿರಿ. ವಿಂಡೋಸ್‌ನ ಕಾಮ್ 1 ಇಲ್ಲಿ ಟಿಟಿವೈಎಸ್0 (ttyS0), ಕಾಮ್ 2 ಇಲ್ಲಿ ಟಿಟಿವೈಎಸ್1. ಲಿನಕ್ಸ್ ಸೊನ್ನೆಯಿಂದ ಎಣಿಸುತ್ತದೆ, ಮತ್ತು ಆ ಎಸ್ ದೊಡ್ಡಕ್ಷರವೇ ಆಗಿರಬೇಕು. ವೇಗ 115200 ಇಡಿ. ಅದು ಕಂಪ್ಯೂಟರ್‌ಗೂ ಮೋಡೆಮ್‌ಗೂ ನಡುವಿನ ವೇಗ, ಫೋನ್ ಲೈನಿನದಲ್ಲ, ಹೆದರಬೇಡಿ. ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್ ಇರಲಿ. ಹೊರಬಂದು ‘ಎಟಿ’ (AT) ಎಂದು ಟೈಪ್ ಮಾಡಿ ಎಂಟರ್ ಒತ್ತಿ. ‘ಓಕೆ’ ಬಂತೇ? ಅರ್ಧ ಕೆಲಸ ಮುಗಿಯಿತು. ಏನೂ ಬರಲಿಲ್ಲವೇ? ಪೋರ್ಟ್ ಬದಲಿಸಿ ನೋಡಿ, ಕೇಬಲ್ ಅಲ್ಲಾಡಿಸಿ ನೋಡಿ. ‘ಓಕೆ’ ಬರುವ ತನಕ ಮುಂದೆ ಹೋಗಲೇಬೇಡಿ.

ಬಂದ ಮೇಲೆ ‘ಎಟಿಡಿಟಿ’ ಬರೆದು, ಪಕ್ಕದಲ್ಲೇ ಇಂಟರ್ನೆಟ್ ಕಂಪನಿಯ ನಂಬರ್ ಹಾಕಿ. ಕಿರುಚುವ ಸದ್ದು ಕೇಳಿ ‘ಕನೆಕ್ಟ್’ ಎಂದು ಬರಬೇಕು. ಫೋನ್ ಎತ್ತಿದರೆ ಟೋನ್ ಇದೆ, ಮೋಡೆಮ್ ಮಾತ್ರ ‘ನೋ ಡಯಲ್‌ಟೋನ್’ ಎನ್ನುತ್ತದೆಯೇ? ನಮ್ಮ ಎಕ್ಸ್‌ಚೇಂಜ್‌ನ ಟೋನನ್ನು ಕೆಲವು ಮೋಡೆಮ್‌ಗಳು ಗುರುತಿಸುವುದಿಲ್ಲ. ಮೊದಲು ‘ಎಟಿಎಕ್ಸ್3’ ಕೊಟ್ಟರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ. ಹಳೆಯ ಎಕ್ಸ್‌ಚೇಂಜ್ ಆದರೆ ಟೋನ್ ಬದಲು ಪಲ್ಸ್: ‘ಎಟಿಡಿಪಿ’. ಕಂಟ್ರೋಲ್-ಎ, ಆಮೇಲೆ ಎಕ್ಸ್ ಒತ್ತಿ ಸರಿಯಾಗಿ ಹೊರಬನ್ನಿ. ಸುಮ್ನೆ ಕಿಟಕಿ ಮುಚ್ಚಿದರೆ ಪೋರ್ಟ್ ಬಳಕೆಯಲ್ಲಿದೆ ಎಂದು ಹೇಳುವ ಲಾಕ್ ಫೈಲ್ ಉಳಿದು, ಪೋರ್ಟ್ ಬಿಜಿ ಎಂದು ತೋರಿಸಬಹುದು.

ಇನ್ನು ನಿಜವಾಗಿ ಇಂಟರ್ನೆಟ್‌ಗೆ ಡಯಲ್ ಮಾಡಲು ಡಬ್ಲ್ಯೂವಿಡಯಲ್ (wvdial) ಎಂಬ ಪ್ರೋಗ್ರಾಂ ಸಾಕು. ಚಾಟ್ ಸ್ಕ್ರಿಪ್ಟ್ (ಮೋಡೆಮ್‌ಗೆ ಕೊಡುವ ಆದೇಶಗಳ ಪಟ್ಟಿ) ಕೈಯಿಂದ ಬರೆಯುವ ಕಷ್ಟ ಬೇಡ. ಅದರ ಜೊತೆಗೇ ಬರುವ ಡಬ್ಲ್ಯೂವಿಡಯಲ್‌ಕಾನ್ಫ್ (wvdialconf) ಓಡಿಸಿದರೆ ಸೆಟ್ಟಿಂಗ್ ಫೈಲ್ ತಾನೇ ತಯಾರಾಗುತ್ತದೆ. ಅದರಲ್ಲಿ ಫೋನ್, ಯೂಸರ್‌ನೇಮ್, ಪಾಸ್‌ವರ್ಡ್ ಸಾಲುಗಳ ಮುಂದೆ ಅರ್ಧವಿರಾಮ ಚಿಹ್ನೆ (;) ಇರುತ್ತದೆ. ಅದನ್ನು ಅಳಿಸದಿದ್ದರೆ ನೀವು ತುಂಬಿದ್ದನ್ನು ಅದು ಓದುವುದೇ ಇಲ್ಲ! ಎಟಿಎಕ್ಸ್3 ಬೇಕಾಗಿದ್ದರೆ ಇನಿಟ್ ಸಾಲಿಗೂ ಸೇರಿಸಿ. ಲಾಗಿನ್ ಆದ ಮೇಲೆ ಅಲ್ಲೇ ನಿಂತುಬಿಟ್ಟರೆ ‘ಸ್ಟುಪಿಡ್ ಮೋಡ್ = ಯೆಸ್’ ಎಂಬ ಸಾಲು ಹಾಕಿ.

ರೂಟ್ ಅಲ್ಲದೆ ಡಯಲ್ ಮಾಡಬೇಕೇ? ಡೆಬಿಯನ್‌ನಲ್ಲಿ ನಿಮ್ಮ ಹೆಸರನ್ನು ಡಯಲ್‌ಔಟ್, ಡಿಪ್ ಎರಡೂ ಗುಂಪುಗಳಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ.

ಕನೆಕ್ಟ್ ಆಯಿತು, ಆದರೆ ಒಂದು ಪುಟವೂ ತೆರೆಯುತ್ತಿಲ್ಲ ಅಲ್ವಾ? ಲ್ಯಾನ್ ಕಾರ್ಡ್‌ಗೆ ಮೊದಲೇ ಗೇಟ್‌ವೇ (ಹೊರಗೆ ಹೋಗುವ ದಾರಿ) ಕೊಟ್ಟಿದ್ದರೆ, ಫೋನ್ ಲೈನಿನ ಸಂಪರ್ಕ ನಡೆಸುವ ಪಿಪಿಪಿ ಅದನ್ನು ಬದಲಿಸುವುದಿಲ್ಲ. ಹಾಗಾಗಿ ಎಲ್ಲವೂ ಲ್ಯಾನ್ ಕಡೆಗೇ ಹೋಗುತ್ತಿರುತ್ತದೆ. ಲೈನ್ ಕಡಿದು, ‘ರೂಟ್ ಡೆಲ್ ಡಿಫಾಲ್ಟ್’ (route del default) ಕೊಟ್ಟು, ಮತ್ತೆ ಡಯಲ್ ಮಾಡಿ.