ಕೋರಿಯೋಕಾರ್ಸಿನೋಮಾ ಸೆಲ್ಲಿಗೆ ಆ್ಯಂಟಿಬಾಡಿ: ನಾಲ್ಕನೇ ಫ್ಯೂಷನ್‌ನಲ್ಲಿ ಕೈಗೆ ಸಿಕ್ಕಿತು

"ಇಲಿಗೆ ಇಡೀ ಸೆಲ್ ಚುಚ್ಚಿದರೆ ಕಸವೇ ಸಿಗೋದು, ಮೊದಲು ಪ್ರೋಟೀನ್ ಶುದ್ಧ ಮಾಡಿಕೊಳ್ಳಿ" ಅಂತ ನನಗೆ ಹೇಳದವರೇ ಇಲ್ಲ. ಯಾವ ಪ್ರೋಟೀನ್ ಅಂತ ಗೊತ್ತಿದ್ದರೆ ಇಷ್ಟು ಹುಡುಕಾಟ ಯಾಕೆ? ಎಚ್‌ಸಿಜಿಗೆ ಆ್ಯಂಟಿಬಾಡಿ ಬೇಕಾದಷ್ಟಿವೆ. ಆದರೆ ಅದು ಸೆಲ್ ಹೊರಗೆ ಬಿಡುವ ಹಾರ್ಮೋನು. ನನಗೆ ಬೇಕಿದ್ದದ್ದು ಕೋರಿಯೋಕಾರ್ಸಿನೋಮಾ, ಅಂದರೆ ಮಾಸಿನ ಕ್ಯಾನ್ಸರ್ ಗಡ್ಡೆಯ ಸೆಲ್ಲಿನ ಮೈಗೇ ಅಂಟಿ ಕೂರುವಂಥದ್ದು.

ಫ್ಯೂಷನ್ ಅಂದರೆ ಸೆಲ್ ಚುಚ್ಚಿದ ಇಲಿಯ ಬಿ ಸೆಲ್ಲನ್ನು (ಆ್ಯಂಟಿಬಾಡಿ ಮಾಡುವ ಸೆಲ್) ಸಾಯದೆ ಬೆಳೆಯುವ ಮೈಲೋಮಾ ಸೆಲ್ಲಿನ ಜೊತೆ ಬೆಸೆಯೋದು. ಮೊದಲ ಸಲ ಚುಚ್ಚಿದ್ದು ಈ ಗಡ್ಡೆಯಿಂದ ಬಂದ ಬೀವೋ ಸೆಲ್, ಇಲಿ ಬಾಲ್ಬ್‌/ಸಿ ತಳಿ, ಮೈಲೋಮಾ ಎಸ್‌ಪಿ2/0. ಪ್ಲೇಟಿನ ಸುಮಾರು 400 ವೆಲ್‌ಗಳಲ್ಲಿ (ಗುಳಿಗಳಲ್ಲಿ) ಬೆಸೆದ ಸೆಲ್ಲಿನ ಕಾಲೊನಿ ಬಂತು. ಫ್ಲೋಗೆ (ಸೆಲ್ಲಿಗೆ ಆ್ಯಂಟಿಬಾಡಿ ಅಂಟಿದೆಯೇ ಅಂತ ಎಣಿಸುವ ಯಂತ್ರ) ಹಾಕಿ ನೋಡಿದರೆ ಅವುಗಳ ಆ್ಯಂಟಿಬಾಡಿಗಳು ಬೀವೋಗೂ ಅಂಟುತ್ತವೆ, ಫೈಬ್ರೊಬ್ಲಾಸ್ಟ್ ಅನ್ನುವ ಮಾಮೂಲಿ ಸೆಲ್‌ಗೂ ಅಂಟುತ್ತವೆ. ಒಂದಿಷ್ಟು ಟ್ರಾನ್ಸ್‌ಫೆರಿನ್ ರಿಸೆಪ್ಟರನ್ನು (ಸೆಲ್ಲಿನೊಳಗೆ ಕಬ್ಬಿಣ ತರುವ ಪ್ರೋಟೀನ್) ಹಿಡಿಯುವಂಥವು. ಬೇಗ ಬೆಳೆಯುವ ಸೆಲ್ಲಿನ ಮೈತುಂಬಾ ಅದೇ ಇರುತ್ತದೆ, ಅಲ್ವಾ?

ಎರಡನೇ ಸಲ ಎಲೈಸಾದಲ್ಲಿ (ಆ್ಯಂಟಿಬಾಡಿ ಅಂಟಿದರೆ ಬಣ್ಣ ಬರುವ ಪರೀಕ್ಷೆ) ವೆಲ್‌ಗಳು ಗಾಢ ಹಳದಿಗೆ ತಿರುಗಿದವು. ಅನುಮಾನ ಬಂದು, ಸೆಲ್ ಇಲ್ಲದ ಪ್ಲೇಟಿಗೆ ಸೆಲ್ ಬೆಳೆಸಲು ಹಾಕುವ ಕರುವಿನ ಸೀರಮ್ ಮಾತ್ರ ಬಳಿದು ನೋಡಿದೆ. ಅದೇ ಹಳದಿ! ಸೆಲ್ ಸರಿಯಾಗಿ ತೊಳೆಯದೆ ಚುಚ್ಚಿದ್ದೆ. ಇಲಿ ಸೀರಮ್ಮಿಗೇ ಆ್ಯಂಟಿಬಾಡಿ ಮಾಡಿತ್ತು.

ಮೂರನೆಯದನ್ನು ಹಾಳು ಮಾಡಿದ್ದು ಮೈಕೋಪ್ಲಾಸ್ಮಾ, ಬೆಳೆಸುವ ಸೆಲ್‌ಗಳೊಳಗೆ ಕಾಣದಂತೆ ನುಸುಳುವ ಬ್ಯಾಕ್ಟೀರಿಯಾ. ಟೆಸ್ಟಿನ ದುಡ್ಡು ಉಳಿಸಲು ಹೋಗಿದ್ದೆ. ಹ್ಯಾಟ್ ಮೀಡಿಯಂನಲ್ಲಿ (ಬೆಸೆದ ಸೆಲ್ ಮಾತ್ರ ಬದುಕುವ ದ್ರವ) ಒಂಬತ್ತನೇ ದಿನದ ಹೊತ್ತಿಗೆ ಬೆಸೆದ ಹೈಬ್ರಿಡ್‌ಗಳೆಲ್ಲ ಸತ್ತಿದ್ದವು. ತೆರೆದ ಬಾಟಲಿಗಳನ್ನೆಲ್ಲ ಚೆಲ್ಲಿದೆ. ವರ್ಷಕ್ಕೆ ಅಂತ ಇಟ್ಟಿದ್ದ ಸೀರಮ್ ದುಡ್ಡು ಐದು ತಿಂಗಳಿಗೇ ಮುಗಿಯಿತು. ಆ ವಾರ ನಿದ್ದೆ ಬರಲಿಲ್ಲ.

ನಾಲ್ಕನೇ ಸಲ ದಾರಿ ಬದಲಿಸಿದೆ. ಮೊದಲು ತಿಂಗಳು ತುಂಬಿದ ಹೆರಿಗೆಯ ಆರೋಗ್ಯವಂತ ಮಾಸಿನ ಸೆಲ್ ಚುಚ್ಚಿದೆ, ಬೆನ್ನಿಗೇ ವೇಗವಾಗಿ ಹೆಚ್ಚುವ ಸೆಲ್ ಕೊಲ್ಲುವ ಔಷಧ ಸೈಕ್ಲೋಫಾಸ್ಫಮೈಡ್. ಆರೋಗ್ಯವಂತ ಸೆಲ್ ಕಂಡು ಎದ್ದ ಬಿ ಸೆಲ್‌ಗಳು ಅಲ್ಲೇ ಸಾಯುತ್ತವೆ. ಆಮೇಲೆ ಬೀವೋ. ತಟ್ಟೆಯಿಂದ ಸೆಲ್ ಬಿಡಿಸಲು ಟ್ರಿಪ್ಸಿನ್ ಮುಟ್ಟಲಿಲ್ಲ, ಅದು ಸೆಲ್ ಮೈಮೇಲಿನ ಪ್ರೋಟೀನನ್ನೇ ಕತ್ತರಿಸಿಬಿಡುತ್ತದೆ. ಇಡಿಟಿಎಯಲ್ಲಿ ಬಿಡಿಸಿ, ಪಿಬಿಎಸ್ ಉಪ್ಪುನೀರಿನಲ್ಲಿ ನಾಲ್ಕು ಸಲ ತೊಳೆದು, ಅಡ್ಜುವಂಟ್ (ರೋಗನಿರೋಧಕತೆ ಕೆರಳಿಸುವ ಬೆರಕೆ) ಇಲ್ಲದೆ ಜೀವಂತವಾಗಿ ಕೊಟ್ಟೆ. ಸೈಕ್ಲೋಫಾಸ್ಫಮೈಡ್ ಆದ ಮೇಲೆ ಎಷ್ಟು ದಿನ ಬಿಡಬೇಕು ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಂದು ಮಾತು ಹೇಳಬಲ್ಲೆ: ಕ್ಯಾಲೆಂಡರ್ ನೋಡಬೇಡಿ, ಇಲಿ ಬಾಲದ ರಕ್ತದ ಟೈಟರ್ (ಆ್ಯಂಟಿಬಾಡಿ ಮಟ್ಟ) ನೋಡಿ.

ಈ ಸಲ ಕಾಲೊನಿ ಕಮ್ಮಿ, 150ರ ಆಸುಪಾಸು. ಆದರೆ 11 ವೆಲ್ ಬೀವೋಗೆ ಅಂಟಿದವು, ಫೈಬ್ರೊಬ್ಲಾಸ್ಟ್ ಮತ್ತು ಲಿಂಫೋಸೈಟ್ ಕಡೆ ತಿರುಗಿಯೂ ನೋಡಲಿಲ್ಲ. ಎರಡು ಸುತ್ತು ಕ್ಲೋನಿಂಗ್ (ಒಂದೇ ಸೆಲ್ಲಿನಿಂದ ಕಾಲೊನಿ ಬೆಳೆಸೋದು) ಆದ ಮೇಲೆ ಉಳಿದದ್ದು ಮೂರು. ಆ್ಯಂಟಿಬಾಡಿ ಬಗೆ ನೋಡಿದರೆ ಎರಡು ಐಜಿಎಂ, ಒಂದು ಐಜಿಜಿ1. ಮೂರೂ ಇದೇ ಬಗೆಯ ಗಡ್ಡೆಯ ಬೇರೆ ಸೆಲ್‌ಗಳಾದ ಜಾರ್ ಮತ್ತು ಜೆಗ್-3ನ್ನೂ ಹಿಡಿಯುತ್ತವೆ. ಕಸ ಅಂದಿದ್ದವರೇ ಬಂದು ಕೇಳಿದರು. ಸೂಪರ್‌ನೇಟಂಟ್ (ಆ್ಯಂಟಿಬಾಡಿ ಇರುವ ಮೇಲಿನ ದ್ರವ) ಕೊಟ್ಟೆ, ಅದನ್ನು ಮಾಡುವ ಕ್ಲೋನ್ ಕೊಡಲಿಲ್ಲ.

ಸುಮ್ನೆ ಕುತೂಹಲಕ್ಕೆ ಪ್ಲೇಟಿಗೆ ಸಕ್ಕರೆಯ ಸರಪಳಿ ಮುರಿಯುವ ಪೆರಿಯೋಡೇಟ್ ಹಾಕಿದೆ. ಐಜಿಎಂ ಎರಡರ ಸಿಗ್ನಲ್ಲೂ ಬಿದ್ದುಹೋಯಿತು. ಅಂದರೆ ಅವು ಹಿಡಿಯುತ್ತಿದ್ದದ್ದು ಸಕ್ಕರೆಯ ಸರಪಳಿ. ಐಜಿಜಿ1 ಅಲುಗಲಿಲ್ಲ. ನನ್ನ ಜೀವ ಇರುವುದು ಅದರಲ್ಲೇ.

ಫ್ರೋಜನ್ ಸೆಕ್ಷನ್‌ನಲ್ಲಿ (ಹೆಪ್ಪುಗಟ್ಟಿಸಿ ಕತ್ತರಿಸಿದ ತೆಳು ಚೂರು) ಐಜಿಜಿ1 ಗಡ್ಡೆಯ ಸೆಲ್‌ಗಳ ಅಂಚನ್ನು ಗೆರೆ ಎಳೆದಂತೆ ತೋರಿಸುತ್ತದೆ. ತಿಂಗಳು ತುಂಬಿದ ಮಾಸಿನಲ್ಲಿ ಏನೂ ಇಲ್ಲ. ಮೊದಲ ಮೂರು ತಿಂಗಳ ಮಾಸಿನಲ್ಲಿ ಮಾತ್ರ, ಗರ್ಭಕೋಶದ ಗೋಡೆಗೆ ನುಗ್ಗುವ ಟ್ರೋಫೋಬ್ಲಾಸ್ಟ್ ಅನ್ನುವ ಮಾಸಿನ ಸೆಲ್‌ಗಳ ಮೇಲೆ ತೆಳ್ಳಗೆ ಬಣ್ಣ ಬರುತ್ತದೆ. ಪ್ಯಾರಾಫಿನ್ ಮೇಣದಲ್ಲಿ ಇಟ್ಟ ಚೂರಿನಲ್ಲಿ ಇನ್ನೂ ಕೈಕೊಡುತ್ತಿದೆ. ಪಿಎಚ್ 9ರ ಬಫರ್‌ನಲ್ಲಿ ಕುದಿಸಿದಾಗ ಒಮ್ಮೆ ಸ್ವಲ್ಪ ಕಂಡಿತ್ತು. ಈ ವಾರ ಅದನ್ನೇ ಮತ್ತೆ ಮಾಡುತ್ತಿದ್ದೇನೆ.